ಜಿಲ್ಲಾಧಿಕಾರಿಗಳೇ, ಈ ಸಲ ನಮ್ಮ ಕೋವಿ ಮನೆಯಲ್ಲೇ ಇರಲಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಘಟ್ಟದ ಕಾಡಂಚಿನಲ್ಲಿ ಅಡಿಕೆ, ಬಾಳೆ ಬೆಳೆಯುವವನು. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಒಂದು ಒಂಟಿ ನಳಿಗೆ ಕೋವಿ ಇಟ್ಟುಕೊಂಡಿದ್ದೇನೆ. ಅಪ್ಪನ ಕಾಲದ್ದು. ಲೈಸೆನ್ಸಿನಲ್ಲಿರುವ ಸಹಿ ನಿಮ್ಮ ಕಚೇರಿಯದ್ದೇ. ನಾನು ಯಾರು, ತೋಟ ಎಲ್ಲಿದೆ, ನನ್ನ ಮೇಲೆ ಕೇಸು ಇದೆಯೋ ಇಲ್ಲವೋ, ಎಲ್ಲವೂ ನಿಮ್ಮ ಕಡತದಲ್ಲಿದೆ. ನವೀಕರಣಕ್ಕೆ ಹೋದಾಗಲೆಲ್ಲ ಪೊಲೀಸ್ ವರದಿಯೂ ಬಂದು ಸೇರಿದೆ. ಇಷ್ಟಾದರೂ ಚುನಾವಣೆ ಘೋಷಣೆಯಾದ ಮಾರನೇ ದಿನ ನಾನು ಅಪಾಯಕಾರಿ ಮನುಷ್ಯ ಆಗಿಬಿಡುತ್ತೇನೆ. ಠಾಣೆಯಿಂದ ಫೋನ್ ಬರುತ್ತದೆ. "ಕೋವಿ ತಂದು ಇಡಿ. ಇಲ್ಲಾಂದ್ರೆ ಲೈಸೆನ್ಸ್ ರದ್ದು."

ವರ್ಷಗಟ್ಟಲೆ ಸುಮ್ಮನಿದ್ದೆ. ತಂದು ಇಟ್ಟೆ, ರಶೀದಿ ತೆಗೆದುಕೊಂಡೆ, ಬಂದೆ. ಈಗ ಮತ್ತೆ ಪಂಚಾಯಿತಿ ಚುನಾವಣೆಗಳ ಮಾತು ಶುರುವಾಗಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತಲ್ಲ, ಅದು ಯಾವಾಗ ಬೇಕಾದರೂ ಬರಬಹುದು. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಜಿಲ್ಲೆಯ ಎಲ್ಲ ಕೋವಿಗಳನ್ನೂ ಒಂದೇ ಆದೇಶದಲ್ಲಿ ಠೇವಣಿ ಇಡಿಸಬೇಡಿ. ನನ್ನಿಂದ ಚುನಾವಣೆಗೆ ಅಪಾಯ ಇದೆ ಎಂದು ನಿಮಗೆ ಅನ್ನಿಸಿದರೆ ಕಾರಣ ಬರೆದು ಕೊಡಿ. ಇಲ್ಲದಿದ್ದರೆ ಕೋವಿ ಮನೆಯಲ್ಲಿರಲಿ.

ಚುನಾವಣಾ ಆಯೋಗದ ಸೂಚನೆ ನಿಮಗೆ ಗೊತ್ತಿರುವುದೇ. ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕು. ಅದರಲ್ಲಿ ನೀವಿದ್ದೀರಿ, ಎಸ್ಪಿ ಸಾಹೇಬರಿದ್ದಾರೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಾಟೆಯಲ್ಲಿ, ಅದರಲ್ಲೂ ಚುನಾವಣೆಯ ಗಲಾಟೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಲೈಸೆನ್ಸುಗಳನ್ನು ಒಂದೊಂದಾಗಿ ನೋಡಬೇಕು. ಯಾರ ಕೋವಿ ಒಳಗಿರಬೇಕು ಎಂದು ಆಮೇಲೆ ತೀರ್ಮಾನ. ಒಂದೊಂದಾಗಿ ಅಂತ ಇದೆ ಸ್ವಾಮಿ, ರಾಶಿ ಹಾಕಿ ಅಂತ ಇಲ್ಲ. ಇದರಲ್ಲಿ ನಾನು ಯಾವ ಪಟ್ಟಿಗೆ ಬರುತ್ತೇನೆ? ಠಾಣೆಯಲ್ಲಿ ಕೇಳಿದರೆ "ಮೇಲಿಂದ ಆರ್ಡರ್" ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ನಿಮಗಿಂತ ಮೇಲೆ ಯಾರಿದ್ದಾರೆ? ಲೈಸೆನ್ಸ್ ಕೊಡುವವರು ನೀವೇ. ಜಿಲ್ಲಾ ಚುನಾವಣಾಧಿಕಾರಿಯೂ ನೀವೇ.

ಚುನಾವಣೆಗಳು ಬರುವ ಕಾಲವನ್ನೂ ಸ್ವಲ್ಪ ನೋಡಿ. 2018, 2019, 2023, 2024, ನಾಲ್ಕೂ ಸಲ ಬೇಸಿಗೆ. ಕಾಡಿನಲ್ಲಿ ನೀರಿಲ್ಲ, ಹಣ್ಣಿಲ್ಲ. ತೋಟದಲ್ಲಿ ಎರಡೂ ಇವೆ. ಅಡಿಕೆಗೆ ಹಿಂಗಾರ ಒಡೆದು ಮಿಡಿ ಕಟ್ಟುವ ಹೊತ್ತು. ಮಂಗಗಳ ಹಿಂಡು ಬೆಳಿಗ್ಗೆಯೇ ಹಾಜರ್. ತಿನ್ನುವುದು ಕಾಲು ಭಾಗ, ಹರಿದು ಬಿಸಾಡುವುದು ಮುಕ್ಕಾಲು ಭಾಗ. ರಾತ್ರಿ ಪಾಳಿ ಹಂದಿಗಳದ್ದು. ಬಾಳೆ ಬುಡ ಅಗೆದು ಮಲಗಿಸಿ ಹೋಗುತ್ತವೆ. ನಾನು ಅವುಗಳನ್ನು ಕೊಲ್ಲುವುದಿಲ್ಲ. ಅದಕ್ಕೆ ಬೇರೆಯೇ ಕಾಯ್ದೆ ಇದೆ, ಅರಣ್ಯ ಇಲಾಖೆ ಇದೆ, ಗೊತ್ತು. ಆಕಾಶಕ್ಕೆ ಒಂದು ಈಡು ಹೊಡೆದರೆ ಹಿಂಡು ಆಚೆ ಗುಡ್ಡಕ್ಕೆ ಹೋಗುತ್ತದೆ. ಒಂದೆರಡು ದಿನ ನೆಮ್ಮದಿ. ಗರ್ನಾಲು ಹೊಡೆದು ನೋಡಿದ್ದೇವೆ, ಡಬ್ಬ ಬಡಿದು ನೋಡಿದ್ದೇವೆ, ಹುಲಿ ಬೊಂಬೆ ನಿಲ್ಲಿಸಿಯೂ ನೋಡಿದ್ದೇವೆ. ಬೊಂಬೆಯ ತಲೆಯ ಮೇಲೆ ಮಂಗ ಕೂತು ಬಾಳೆಹಣ್ಣು ಸುಲಿಯುತ್ತಿತ್ತು.

2024ರಲ್ಲಿ ನೀತಿ ಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ರಾಜ್ಯದಲ್ಲಿ ಮತದಾನ ಏಪ್ರಿಲ್ 26 ಮತ್ತು ಮೇ 7ಕ್ಕೆ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಅಷ್ಟು ದಿನವೂ ಕೋವಿ ಠಾಣೆಯಲ್ಲಿ. ನಾವು ಓಟು ಹಾಕಿ, ಬೆರಳಿನ ಶಾಯಿ ಅಳಿಸಿಹೋದ ಮೇಲೂ ಠಾಣೆಯಲ್ಲೇ. ಬೇರೆ ರಾಜ್ಯದವರು ಇನ್ನೂ ಓಟು ಹಾಕುತ್ತಿದ್ದರಂತೆ. ಅವರಿಗೂ ನಮ್ಮೂರ ಮಂಗಗಳಿಗೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ. ಬಾವಿಗೆ ಹೋಗುವ ಹೊತ್ತಿಗೇ ಹಗ್ಗ ಕಿತ್ತುಕೊಂಡ ಹಾಗಾಯಿತು ನಮ್ಮ ಕಥೆ.

ಅದೇ ಸಲ ನಡೆದದ್ದನ್ನು ಹೇಳದೆ ಇರಲಾರೆ. ನಮ್ಮ ಪಕ್ಕದ ತೋಟದ ಹಿರಿಯರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾರೆ. ಎಡಗೈ ಎತ್ತಲಾಗುವುದಿಲ್ಲ. ಮಾತೂ ಸ್ಪಷ್ಟ ಇಲ್ಲ. ಮಗ ಬೆಂಗಳೂರಿನಲ್ಲಿ. ಅವರಿಗೂ ಫೋನ್ ಬಂತು. ನಾನೇ ಮಾತಾಡಿದೆ. ಹೀಗೆ ಹೀಗೆ, ಎದ್ದು ಕೂರಲಾಗದ ಮನುಷ್ಯ, ಕೋವಿ ನಾನು ತಂದುಕೊಡುತ್ತೇನೆ ಎಂದೆ. ಆಗಲ್ಲ ಎಂದರು. ಬೇರೆಯವರ ಲೈಸೆನ್ಸಿನ ಕೋವಿ ನೀವು ದಾರಿಯಲ್ಲಿ ಒಯ್ಯುವುದೇ ಅಪರಾಧ, ಲೈಸೆನ್ಸ್‌ದಾರರೇ ಬರಬೇಕು ಎಂದರು. ಕಾನೂನು ಅದೇ ಇರಬಹುದು, ಒಪ್ಪಿದೆ. ಹಾಗಾದರೆ ನೀವೇ ಬಂದು ತೆಗೆದುಕೊಂಡು ಹೋಗಿ ಎಂದೆ. ಜೀಪು ಚುನಾವಣಾ ಡ್ಯೂಟಿಯಲ್ಲಿದೆಯಂತೆ.

ಕೊನೆಗೆ ಏನಾಯಿತು ಗೊತ್ತೇ? ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿ, ಕೋವಿಯನ್ನು ಕವರಿಗೆ ಹಾಕಿ ಪಕ್ಕದಲ್ಲಿಟ್ಟು ಕರೆದುಕೊಂಡು ಹೋದೆವು. ಮಣ್ಣು ರಸ್ತೆ. ಹೊಂಡ ಬಂದಾಗಲೆಲ್ಲ ಅವರ ಹೆಂಡತಿ ತಲೆ ಹಿಡಿದುಕೊಳ್ಳುತ್ತಿದ್ದರು. ಠಾಣೆಯ ಮುಂದೆ ಜೀಪು ನಿಂತಿತು. ಒಬ್ಬರು ಹೊರಗೆ ಬಂದು, ರಿಜಿಸ್ಟರ್ ಒಳಗಿದೆ, ಇವರು ಒಳಗೆ ಬರಬೇಕು ಎಂದರು. ಎತ್ತಿಕೊಂಡು ಹೋದೆವು. ಬಲಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಹಿ ಹಾಕುವ ಮನುಷ್ಯ ಅವರು. ಓದು ಬಲ್ಲವರು. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಇವರು ಚುನಾವಣೆಯಲ್ಲಿ ಗಲಾಟೆ ಮಾಡುವವರಾ ಸ್ವಾಮಿ? ನಿಮ್ಮ ಪರಿಶೀಲನಾ ಸಮಿತಿ ಇವರ ಕಡತ ತೆರೆದು ನೋಡಿತ್ತೇ? ನೋಡಿಯೂ ಕರೆಸಿದ್ದರೆ ಆ ಕಾರಣ ನನಗೂ ಓದಬೇಕು. ನೋಡದೆ ಕರೆಸಿದ್ದರೆ ಸಮಿತಿ ಯಾಕೆ ಬೇಕು?

ಜೂನ್‌ನಲ್ಲಿ ಕೋವಿ ವಾಪಸ್ ಸಿಕ್ಕಿತು. ನನ್ನದರ ನಳಿಗೆಯೊಳಗೆ ತುಕ್ಕು, ಹಿಡಿಯಲ್ಲಿ ಬಿರುಕು. ಗೋಡೆಗೆ ಒರಗಿಸಿಟ್ಟ ರಾಶಿಯಲ್ಲಿ ಕೆಳಗಿತ್ತಂತೆ. "ಸುಸ್ಥಿತಿಯಲ್ಲಿ ಪಡೆದಿದ್ದೇನೆ" ಎಂದು ಸಹಿ ಹಾಕಿದರೆ ಮಾತ್ರ ಕೊಡುತ್ತಾರೆ. ಹಾಕಿದೆ. ಬೇರೆ ದಾರಿ ಏನಿತ್ತು? ರಿಪೇರಿ ಖರ್ಚು ನನ್ನದೇ. ಠಾಣೆಯವರನ್ನೂ ಪೂರ್ತಿ ದೂರಲಾರೆ. ಇರುವ ಒಂದು ಕೋಣೆಗೆ ಊರೆಲ್ಲದರ ಕೋವಿ ತುಂಬಿಸಿದರೆ ಅವರಾದರೂ ಏನು ಮಾಡಿಯಾರು?

ಕಳ್ಳ ಕೋವಿ ಇಟ್ಟುಕೊಂಡವರಿಗೆ ಮಾತ್ರ ಇದ್ಯಾವ ರಗಳೆಯೂ ಇಲ್ಲ. ಅವರಿಗೆ ಫೋನ್ ಬರುವುದಿಲ್ಲ, ಯಾಕೆಂದರೆ ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಲೈಸೆನ್ಸ್ ಮಾಡಿಸಿದ್ದೇ ನಮ್ಮ ತಪ್ಪು ಅನ್ನಿಸುವ ಹಾಗಾಗಿದೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಚುನಾವಣೆ ಕೆಡುವುದು ಕೋವಿಯಿಂದಲ್ಲ, ಕವರಿನಿಂದ. ಹಿಂದಿನ ರಾತ್ರಿ ಮನೆಮನೆಗೆ ಬರುವ ಆ ಕವರುಗಳನ್ನು ಯಾವ ಠಾಣೆಯಲ್ಲೂ ಠೇವಣಿ ಇಡಿಸಿದ್ದು ನಾನು ನೋಡಿಲ್ಲ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನು ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿ ಹಿಡಿಯಿತು. ನನಗೆ ಹೊಟ್ಟೆಕಿಚ್ಚಿಲ್ಲ, ಅದು ಅವರ ಹಕ್ಕು. ಆದರೆ ಅಲ್ಲಿ ಚುನಾವಣೆ ನಡೆಯುತ್ತಿಲ್ಲವೇ? ನಾನು ವಿನಾಯಿತಿ ಕೇಳುತ್ತಿಲ್ಲ. 1959ರ ಆಯುಧ ಕಾಯ್ದೆಯೇ ಬೆಳೆ ರಕ್ಷಣೆಗೆ ಕೋವಿ ಕೊಡಬಹುದು ಎಂದಿದೆ. ಲೈಸೆನ್ಸ್ ನಿರಾಕರಿಸುವಾಗಲೂ ಕಾರಣ ಬರೆದಿಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಕೊಟ್ಟ ಲೈಸೆನ್ಸಿನ ಕೋವಿ ಕಸಿದುಕೊಳ್ಳುವಾಗ ಒಂದು ಸಾಲು ಬರೆಯಲು ಏನು ಕಷ್ಟ?

ಹಾಗಾಗಿ ಮತ್ತೆ ಅದನ್ನೇ ಕೇಳುತ್ತೇನೆ. ಸಮಿತಿ ಕೂರಲಿ. ಪಟ್ಟಿ ಮಾಡಲಿ. ಪಟ್ಟಿಯಲ್ಲಿ ನನ್ನ ಹೆಸರಿದ್ದರೆ ಕಾರಣ ಬರೆದ ನೋಟಿಸು ಕೊಡಿ, ಉತ್ತರ ಹೇಳಲು ಸಮಯ ಕೊಡಿ. ಹೆಸರಿಲ್ಲದಿದ್ದರೆ ಕೋವಿ ಮನೆಯಲ್ಲಿರಲಿ. ಹಾಸಿಗೆ ಹಿಡಿದವರ ಮನೆಗೆ, ಬೇಕೇ ಬೇಕಾದರೆ, ನಿಮ್ಮವರೇ ಹೋಗಲಿ.

ಲೈಸೆನ್ಸಿನ ನಕಲು ಮತ್ತು ಪಹಣಿ ಸೇರಿಸಿ ಇದೇ ಕೋರಿಕೆಯನ್ನು ನಿಮ್ಮ ಕಚೇರಿಯ ಟಪಾಲಿಗೂ ಕೊಟ್ಟಿದ್ದೇನೆ, ಸ್ವೀಕೃತಿ ನನ್ನ ಹತ್ತಿರ ಇದೆ. ಮತ್ತೆ ಬರೀ ಫೋನ್ ಬಂದರೆ ಕೋವಿ ತಂದೇ ಇಡುತ್ತೇನೆ, ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಅದೇ ದಿನ ಸಮಿತಿಯ ನಡಾವಳಿಯ ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕುತ್ತೇನೆ. ಉತ್ತರಕ್ಕೆ ನಿಮಗೆ 30 ದಿನ ಇರುತ್ತದೆ.

ಇಂತಿ,
ಕಾಡಂಚಿನ ಒಬ್ಬ ಅಡಿಕೆ ಬೆಳೆಗಾರ