ಡೈರೆಕ್ಟರಿ ಇದೆಯೇ ಎಂದು ಮೊದಲು ನೋಡಬೇಕಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಸಿ ಭಾಷೆಯ ಪಾಠಗಳು ಕನ್ನಡದಲ್ಲೇ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಹೊಸ ಡೈರೆಕ್ಟರಿ (ಫೋಲ್ಡರ್) ಬೇಕಾದಾಗ ಅದು ಈಗಾಗಲೇ ಇದೆಯೇ ಎಂದು, ಫೈಲಿನ ವಿವರ ತಿಳಿಸುವ ‘ಸ್ಟ್ಯಾಟ್’ (stat) ಮೂಲಕ ನೋಡಿಕೊಂಡು, ಇಲ್ಲದಿದ್ದರೆ ಮಾತ್ರ ಡೈರೆಕ್ಟರಿ ರಚಿಸುವ ‘ಎಂಕೆಡಿರ್’ (mkdir) ಕರೆಯಬೇಕೆಂದು ಕಳೆದ ವಾರದ ಪಾಠದಲ್ಲಿ ಹೇಳಿರುವುದನ್ನು, ಕಾಲೇಜಿನ ಲಿನಕ್ಸ್ ಲ್ಯಾಬ್ ನೋಡಿಕೊಳ್ಳುವ ನಾನು ಒಪ್ಪಲಾರೆ.

ನೋಡುವುದಕ್ಕೂ ರಚಿಸುವುದಕ್ಕೂ ನಡುವೆ ಇನ್ನೊಂದು ಪ್ರೋಗ್ರಾಂ ಅದೇ ಹೆಸರಿನ ಡೈರೆಕ್ಟರಿ ಮಾಡಿಬಿಡಬಹುದು. ಪಾಠದ ಪ್ರೋಗ್ರಾಮಿನಲ್ಲೇ ಆ ಎರಡು ಸಾಲುಗಳ ನಡುವೆ ಹತ್ತು ಸೆಕೆಂಡಿನ ‘ಸ್ಲೀಪ್’ (ವಿರಾಮ) ಸೇರಿಸಿ, ಎರಡು ಟರ್ಮಿನಲ್‌ಗಳಲ್ಲಿ ಓಡಿಸಿದೆ. ಎರಡೂ ‘ಇಲ್ಲ, ರಚಿಸುತ್ತೇನೆ’ ಎಂದವು, ರಚಿಸಿದ್ದು ಒಂದೇ. ಸೋಲನ್ನು ಸೂಚಿಸಲು ಎಂಕೆಡಿರ್ ಮರಳಿಸಿದ ಮೈನಸ್ 1ನ್ನು ಪ್ರೋಗ್ರಾಂ ಪರೀಕ್ಷಿಸದ ಕಾರಣ, ಇನ್ನೊಂದು ಸೋತದ್ದು ಪರದೆಯ ಮೇಲೆ ಕಾಣಲೇ ಇಲ್ಲ.

ಎಂಕೆಡಿರ್ ಎಂಬ ಈ ಸಿಸ್ಟಂ ಕಾಲ್ (ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಸಲ್ಲಿಸುವ ಕೋರಿಕೆ) ಬಂದದ್ದೇ ಇಂಥ ಸಂದುಗಳನ್ನು ಮುಚ್ಚಲಿಕ್ಕೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 1979ರ ಏಳನೆಯ ಆವೃತ್ತಿಯಲ್ಲಿ ಅದು ಇರಲಿಲ್ಲ. ಅದೇ ಹೆಸರಿನ ಕಮಾಂಡ್ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಅಧಿಕಾರದಲ್ಲಿ ಓಡಿ, ‘ಎಂಕೆನೋಡ್’ನಿಂದ ಡೈರೆಕ್ಟರಿ ಮಾಡಿ, ‘ಚೌನ್’ನಿಂದ ಒಡೆತನ ಬಳಕೆದಾರನಿಗೆ ವಹಿಸಿ, ‘ಲಿಂಕ್’ನಿಂದ ಆ ಡೈರೆಕ್ಟರಿಯನ್ನೂ ಅದರ ಮೇಲಿನದನ್ನೂ ಸೂಚಿಸುವ ಒಂದು ಚುಕ್ಕೆ ಮತ್ತು ಎರಡು ಚುಕ್ಕೆಯ ನಮೂದುಗಳನ್ನು ಸೇರಿಸುತ್ತಿತ್ತು. ಮೊದಲೆರಡು ಹಂತಗಳ ನಡುವೆ ಆ ಡೈರೆಕ್ಟರಿಯನ್ನು ಅಳಿಸಿ, ಅದೇ ಹೆಸರಿನಲ್ಲಿ ಪಾಸ್‌ವರ್ಡ್ ಫೈಲಿಗೆ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಇಟ್ಟ ಕಿಲಾಡಿಗೆ ಚೌನ್‌ನಿಂದ ಆ ಫೈಲಿನ ಒಡೆತನವೇ ದಕ್ಕುತ್ತಿತ್ತು. ಬರ್ಕ್ಲಿಯ ಯುನಿಕ್ಸ್ ಆವೃತ್ತಿಯಾದ 1983ರ 4.2 ಬಿಎಸ್‌ಡಿ ಈ ಕೆಲಸವನ್ನೆಲ್ಲ ಕರ್ನಲ್‌ನೊಳಗಿನ ಒಂದೇ ಕರೆಗೆ ಸೇರಿಸಿತು.

ಆದ್ದರಿಂದ ನೇರವಾಗಿ ಎಂಕೆಡಿರ್ ಕರೆದು, ಅದು ಕೊಡುವ ಉತ್ತರವನ್ನು ನೋಡುವುದೇ ಸರಿ. ‘ಇಎಕ್ಸಿಸ್ಟ್’ (EEXIST) ದೋಷ ಬಂದರೆ ಆ ಹೆಸರು ಆಗಲೇ ಇದೆಯೆಂದರ್ಥ. ಆದರೆ ಅದು ಸಾಮಾನ್ಯ ಫೈಲಿನ ಹೆಸರೂ ಆಗಿರಬಹುದಾದ್ದರಿಂದ ಸ್ಟ್ಯಾಟ್ ಬೇಕಾಗುವುದು ಆಗ, ಮೊದಲಲ್ಲ.

ಇನ್ನೊಂದು ಮಾತು. ಡೈರೆಕ್ಟರಿಯನ್ನು ಯಾರು ಹೇಗೆ ಬಳಸಬಹುದೆಂದು ಎಂಕೆಡಿರ್‌ಗೆ ತಿಳಿಸುವ ಅನುಮತಿ ಸಂಖ್ಯೆ 0777ರಲ್ಲಿ ಮೊದಲ ಸೊನ್ನೆ ಬಿಟ್ಟುಹೋಗಿ ಬರೀ 777 ಎಂದು ಅಚ್ಚಾಗಿದೆ. ಸೊನ್ನೆ ಇದ್ದರೆ ಸಿ ಭಾಷೆಗೆ ಅದು ಅಷ್ಟಮಾನ (ಎಂಟರ ಆಧಾರದ) ಸಂಖ್ಯೆ, ಇಲ್ಲದಿದ್ದರೆ ದಶಮಾನ ಸಂಖ್ಯೆ, ಅಂದರೆ ಅಷ್ಟಮಾನದ 1411; ಅದರಲ್ಲಿ ಒಡೆಯನಿಗೇ ಒಳಹೋಗುವ ಅನುಮತಿ ಇರುವುದಿಲ್ಲ. ಪಾಠ ನೋಡಿ ಹಾಗೆಯೇ ಬರೆದ ನಮ್ಮ ವಿದ್ಯಾರ್ಥಿನಿಯೊಬ್ಬಳು ತಾನೇ ಮಾಡಿದ ಡೈರೆಕ್ಟರಿಯೊಳಗೆ ಹೋಗಲಾಗದೆ, ಕಂಪ್ಯೂಟರ್ ಕೆಟ್ಟಿದೆಯೆಂದು ನನ್ನನ್ನು ಕರೆದಳು. ಮುಂದಿನ ವಾರದ ಪಾಠದ ಜೊತೆ ಈ ಎರಡು ತಿದ್ದುಪಡಿಗಳನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕಿ, ಹಾಸನ