ಮೂರರಲ್ಲಿ ಎರಡು ಅಂಕ: ಹಳದಿ ಗೆಳೆಯನಿಗೊಂದು ಪತ್ರ

ಪ್ರಿಯ ಹಳದಿ ಗೆಳೆಯಾ,

ನಿನಗೆ ಪತ್ರ ಬರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗುವುದಿಲ್ಲ, ಏಕೆಂದರೆ ಬೇರೊಂದು ಲೆಕ್ಕ ಹಾಕಲು ಹೋಗಿಯೇ ಈ ಪತ್ರ ಬರೆಯುವ ಪ್ರಸಂಗ ಬಂದಿದೆ. ಊರೆಲ್ಲ ಓದುವ ಜಾಗದಲ್ಲಿ ಬರೆಯುವ ಬದಲು ಒಂದು ಫೋನು ಮಾಡಬಾರದಿತ್ತೇ ಎಂದು ನೀನು ಕೇಳುವುದು ಖಂಡಿತ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮೂರನೇ ಬೋಂಡಾದ ವಿಷಯಕ್ಕೆ ಜಾರಿಕೊಳ್ಳುತ್ತೇನೆ, ಇಬ್ಬರೂ ನಕ್ಕು ಫೋನು ಇಡುತ್ತೇವೆ. ಇಲ್ಲಾದರೆ ನಾಲ್ಕು ಜನರ ಎದುರು ಆಡಿದ ಮಾತು, ಹಿಂದಕ್ಕೆ ಪಡೆಯುವುದು ಕಷ್ಟ. ಆ ನಾಲ್ವರಲ್ಲಿ ನಮ್ಮ ಬೆಂಗಳೂರು ತಂಡದ ನೀಲಿ ಅಂಗಿಯವರಿದ್ದರೆ ದಯವಿಟ್ಟು ಅರ್ಧಕ್ಕೇ ಓದುವುದನ್ನು ನಿಲ್ಲಿಸಬೇಕೆಂದು ಕೋರುತ್ತೇನೆ.

ವಿಷಯ ಶುರುವಾದದ್ದು ಅಣ್ಣನ ಮಗನಿಂದ. ಅವನಿಗೀಗ ಹನ್ನೆರಡು ವರ್ಷ, ಎಲ್ಲವನ್ನೂ ಕೊನೆಯ ಹತ್ತು ನಿಮಿಷದಲ್ಲಿ ನೋಡಿ ಮುಗಿಸುವ ವಯಸ್ಸು. ಮೊನ್ನೆ ಹಳೆಯ ಪಂದ್ಯವೊಂದರ ತುಣುಕು ನೋಡುತ್ತಾ, "ಚಿಕ್ಕಪ್ಪ, ಹೇಗಿದ್ದರೂ ಕೊನೆಯ ಪ್ಲೇಆಫ್ ಸುತ್ತಿನಲ್ಲಿ ಗೆದ್ದವರೇ ಚಾಂಪಿಯನ್ ಅಂದಮೇಲೆ ಅದಕ್ಕೆ ಮುಂಚೆ ಇಪ್ಪತ್ತು ಪಂದ್ಯ ಯಾಕೆ ಆಡಬೇಕು?" ಎಂದ. ಇಂಥ ಪ್ರಶ್ನೆಗೆ ನನ್ನೊಳಗಿನ ಮೇಷ್ಟ್ರು ತಡೆಯಲಾರದೆ ಎದ್ದು ನಿಲ್ಲುತ್ತಾರೆಂಬುದು ನಿನಗೆ ಗೊತ್ತು. ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ 2022–23ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಅಂಕಪಟ್ಟಿಯನ್ನು ಬರೆದು, ಫೆಬ್ರುವರಿ 11ರ ಪಂದ್ಯವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಹೌದು, ಅದೇ ಶನಿವಾರ, ಅದೇ ನಮ್ಮ ಕಂಠೀರವ ಕ್ರೀಡಾಂಗಣ, ನೀನು ಪೂರ್ತಿ ಹಳದಿಯಾಗಿ ಬಂದು ನಮ್ಮ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದ ದಿನ.

ಆ ದಿನದ ಸ್ಥಿತಿಯನ್ನು ನೆನಪಿಸಿಕೋ. ಹನ್ನೊಂದು ತಂಡಗಳ ಲೀಗಿನಲ್ಲಿ ನಿಮ್ಮ ಹಳದಿ ಅಂಗಿಯ ಕೇರಳ ಬ್ಲಾಸ್ಟರ್ಸ್ ಬಳಿ 31 ಅಂಕಗಳಿದ್ದವು, ನಮ್ಮ ಬೆಂಗಳೂರು ಎಫ್‌ಸಿ ಬಳಿ 25. ಆ ಪಂದ್ಯವೂ ಸೇರಿ ಇಬ್ಬರಿಗೂ ಉಳಿದಿದ್ದದ್ದು ತಲಾ ಮೂರು ಪಂದ್ಯ. ಮೊದಲ ಹನ್ನೆರಡು ಪಂದ್ಯಗಳಲ್ಲಿ ಎಂಟನ್ನು ಸೋತು ಹತ್ತೇ ಅಂಕ ಕೂಡಿಸಿದ್ದ ನಮ್ಮವರು, ಕೋಚ್ ಸೈಮನ್ ಗ್ರೇಸನ್ ಏನು ಮಂತ್ರ ಹಾಕಿದರೋ, ಹೊಸ ವರ್ಷದಲ್ಲಿ ಸಾಲಾಗಿ ಐದು ಪಂದ್ಯ ಗೆದ್ದು ಬಂದಿದ್ದರು. ಆದರೂ ನಮಗೆ ಪ್ಲೇಆಫ್‌ಗೆ ಬೇಕಾದ ಮೊದಲ ಆರರೊಳಗೆ ನಿಲ್ಲುವ ಚಿಂತೆಯಾದರೆ, ನಿಮಗೆ ಪ್ಲೇಆಫ್ ಹೆಚ್ಚುಕಡಿಮೆ ಕೈಗೆ ಬಂದಿತ್ತು. 32ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೊಡೆದ ಒಂದೇ ಗೋಲಿನಿಂದ ನಾವು ಗೆದ್ದೆವು, ನೀನು ಅದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ರಾತ್ರಿ ನಮ್ಮ ಮನೆಯಲ್ಲಿ ಅಮ್ಮ ಬಡಿಸಿದ ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡು, "ಲೀಗ್ ಪಂದ್ಯ ತಾನೇ ಬಿಡೋ, ಇನ್ನೂ ಎರಡಿವೆ" ಎಂದೆ. ನಾನೂ ಹೌದೆಂದು ತಲೆಯಾಡಿಸಿದೆ. ಇಬ್ಬರೂ ಎಷ್ಟು ಜಾಣರಾಗಿ ಮಾತಾಡಿದೆವೋ ಅಷ್ಟೇ ದಡ್ಡರಾಗಿದ್ದೆವು.

ಉಳಿದ ಎರಡನ್ನೂ ನೀವು ಸೋತಿರಿ, ಮೊದಲು ಕೋಲ್ಕತ್ತದಲ್ಲಿ, ಆಮೇಲೆ ನಿಮ್ಮದೇ ಕೊಚ್ಚಿಯಲ್ಲಿ ಹೈದರಾಬಾದಿನೆದುರು. ನಾವು ಉಳಿದ ಎರಡನ್ನೂ, ಅದರಲ್ಲೊಂದನ್ನು ಲೀಗಿನ ಅಗ್ರಸ್ಥಾನದಲ್ಲಿದ್ದ ಮುಂಬೈ ಎದುರು ಗೆದ್ದು, ಸಾಲಾಗಿ ಎಂಟು ಗೆಲುವಿನೊಂದಿಗೆ 34ಕ್ಕೆ ಬಂದು ನಿಂತೆವು. ನೀವು 31ರಲ್ಲೇ ಉಳಿದಿರಿ. ಮೋಹನ್ ಬಾಗಾನ್ ನಮ್ಮಷ್ಟೇ ಅಂಕ ಪಡೆದು ಮೂರನೆಯದಾಯಿತು, ನಾವು ನಾಲ್ಕನೆಯವರು, ನೀವು ಐದನೆಯವರು, ಒಡಿಶಾ 30 ಅಂಕಗಳೊಂದಿಗೆ ಆರನೆಯದು. ಮೊದಲ ಎರಡು ತಂಡಗಳು ನೇರವಾಗಿ ಸೆಮಿಫೈನಲ್‌ಗೆ ಹೋಗಿ, ಮೂರರಿಂದ ಆರರವರೆಗಿನವರು ಒಂದೇ ಪಂದ್ಯದ ನಾಕೌಟ್ ಆಡುವ ಪದ್ಧತಿ ಆರಂಭವಾದದ್ದು ಆ ವರ್ಷವೇ. ಮರುಪಂದ್ಯವಿಲ್ಲ, ಬಾಕಿ ಚುಕ್ತಾ ಮಾಡಲು ಇನ್ನೊಂದು ಸಂಜೆಯಿಲ್ಲ, ನಾಲ್ಕನೆಯವರ ಮೈದಾನಕ್ಕೆ ಐದನೆಯವರು ಬರಬೇಕು. ಹಾಗಾಗಿ ನೀವು ಮಾರ್ಚ್ 3ರ ಶುಕ್ರವಾರ ಮತ್ತೆ ಕಂಠೀರವಕ್ಕೇ ಬಂದಿರಿ.

ಇಷ್ಟನ್ನು ಹುಡುಗನಿಗೆ ವಿವರಿಸಿ, ನೋಡಿದೆಯಾ, ಫೆಬ್ರುವರಿಯ ಆ ಗೆಲುವಿನಿಂದಲೇ ಪ್ಲೇಆಫ್ ನಮ್ಮ ಮನೆಯಂಗಳಕ್ಕೆ ಬಂದದ್ದು, ಅವರು ಗೆದ್ದಿದ್ದರೆ ಅವರಿಗೆ 34, ನಮಗೆ 31 ಆಗಿ ಪಂದ್ಯ ಕೊಚ್ಚಿಯ ಕಲೂರಿನಲ್ಲಿ ನಡೆಯುತ್ತಿತ್ತು ಎಂದು ವಿಜಯದ ನಗೆ ನಕ್ಕೆ. ಅವನು ಪೆನ್ಸಿಲ್ ಕಸಿದುಕೊಂಡು, "ಡ್ರಾ ಆಗಿದ್ದರೆ?" ಎಂದ.

ಇಷ್ಟು ವರ್ಷ ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಗೆದ್ದವರಿಗೆ ಮೂರು ಅಂಕ, ಡ್ರಾ ಆದರೆ ಇಬ್ಬರಿಗೂ ಒಂದೊಂದು. ಡ್ರಾ ಆಗಿದ್ದರೆ ನಮಗೆ 32, ನಿಮಗೂ 32. ಅಂಕ ಸಮವಾದಾಗ ಮೊದಲು ನೋಡುವುದು ಆ ಎರಡು ತಂಡಗಳು ತಮ್ಮೊಳಗೆ ಆಡಿದ ಪಂದ್ಯಗಳನ್ನು. ಡಿಸೆಂಬರ್ 11ರಂದು ಕೊಚ್ಚಿಯಲ್ಲಿ ನೀವು ನಮ್ಮನ್ನು 3–2ರಿಂದ ಸೋಲಿಸಿದ್ದಿರಿ. ನೀನು ಮಧ್ಯರಾತ್ರಿಯವರೆಗೆ ಒಂದೊಂದು ಗೋಲಿಗೂ ಒಂದೊಂದು ಧ್ವನಿ ಸಂದೇಶ ಕಳಿಸಿ ನನ್ನ ನಿದ್ದೆ ಕೆಡಿಸಿದ ಆ ಪಂದ್ಯ, ನಾವಿಬ್ಬರೂ ಆಮೇಲೆ ಮರೆತೇಬಿಟ್ಟ ಆ ಪಂದ್ಯ, ತಿಜೋರಿಯಲ್ಲಿ ಬಿದ್ದಿದ್ದ ಹಳೆಯ ಚೆಕ್ಕಿನಂತೆ ಆಗ ನಗದಾಗುತ್ತಿತ್ತು. ನಾಲ್ಕನೇ ಸ್ಥಾನ ನಿಮ್ಮದಾಗುತ್ತಿತ್ತು. ಹಾಗಾಗಿದ್ದರೂ ನಮಗೆ ಪ್ಲೇಆಫ್ ತಪ್ಪುತ್ತಿರಲಿಲ್ಲ, ಏಕೆಂದರೆ ಒಡಿಶಾ ನಮಗಿಂತ ಕೆಳಗೇ ಇತ್ತು. ನಮ್ಮಿಂದ ಹೋಗುತ್ತಿದ್ದದ್ದು ಎರಡೇ ಅಂಕ, ಬದಲಾಗುತ್ತಿದ್ದದ್ದು ಊರು ಮಾತ್ರ.

ಹುಡುಗ ಲೆಕ್ಕ ಮುಗಿಸಿ ತಿಂಡಿಗೆ ಎದ್ದುಹೋದ. ನಾನು ಆ ಬಿಲ್ಲನ್ನು ಹಿಡಿದುಕೊಂಡು ಕುಳಿತೇ ಇದ್ದೆ.

ಮಾರ್ಚ್ 3ರ ಪಂದ್ಯದ ಬಗ್ಗೆ ನಾನು ಊರಿಗೆಲ್ಲ ಒಂದು ಕಥೆ ಹೇಳುತ್ತಾ ಬಂದಿದ್ದೇನೆ. ಹೆಚ್ಚುವರಿ ಸಮಯದ ಆರಂಭದಲ್ಲಿ ಸಿಕ್ಕ ಫ್ರೀ ಕಿಕ್, ನಿಮ್ಮ ಆಟಗಾರರು ಚೆಂಡಿಗೆ ಅಡ್ಡವಾಗಿ ಸಾಲು ನಿಂತು ಗೋಡೆ ಕಟ್ಟುವ ತಯಾರಿಯಲ್ಲಿದ್ದಾಗಲೇ ಸುನಿಲ್ ಛೆಟ್ರಿ (ನಿನ್ನ ಬಾಯಲ್ಲಿ ಯಾವಾಗಲೂ ಛತ್ರಿ) ಚೆಂಡನ್ನು ಖಾಲಿ ಬಲೆಗೆ ಕಳಿಸಿದ್ದು, ರೆಫರಿ ಗೋಲು ಎಂದದ್ದು, ನಿಮ್ಮ ಕೋಚ್ ಇವಾನ್ ವುಕೊಮನೋವಿಚ್ ಮೈದಾನದ ಅಂಚಿಗೆ ಬಂದು ತಮ್ಮವರನ್ನೆಲ್ಲ ಕರೆದುಕೊಂಡು ಹೊರಟೇಹೋದದ್ದು. ಶಿಳ್ಳೆಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆನೆಂದು ಛೆಟ್ರಿ ಆಮೇಲೆ ಹೇಳಿದರು. ಆ ಗೋಲು ನಿಯಮಕ್ಕೆ ಸರಿಯೆಂದು ನಾನು ಈಗಲೂ ನಂಬುತ್ತೇನೆ, ಆ ವಾದವನ್ನು ಇಲ್ಲಿ ಮತ್ತೆ ತೆಗೆಯುವುದಿಲ್ಲ, ಫುಟ್‌ಬಾಲ್ ಫೆಡರೇಷನ್ ನಿಮ್ಮ ತಂಡಕ್ಕೆ ಹಾಕಿದ 4 ಕೋಟಿ ರೂಪಾಯಿ ದಂಡವನ್ನೂ ಕೋಚ್‌ಗೆ ಹಾಕಿದ 10 ಪಂದ್ಯಗಳ ನಿಷೇಧವನ್ನೂ ನೆನಪಿಸುವುದಿಲ್ಲ (ನೆನಪಿಸಿಬಿಟ್ಟೆ, ಕ್ಷಮಿಸು). ಆದರೆ ನನ್ನ ಕಥೆಯಲ್ಲಿ ಎಂದೂ ಬಾರದ ಒಂದು ಭಾಗವಿದೆ. ಹಳದಿ ಅಂಗಿಗಳು ಸಾಲಾಗಿ ಸುರಂಗದ ಕಡೆ ನಡೆಯುತ್ತಿದ್ದಾಗ, ಓಟದ ಪಥದಾಚೆಗೆ, ಎದುರಿನ ಗ್ಯಾಲರಿಯಲ್ಲಿ ನಿಮ್ಮ ಅಭಿಮಾನಿ ಪಡೆಯಾದ ಮಂಜಪ್ಪಡದವರ ನಡುವೆ ನೀನೆಲ್ಲೋ ನಿಂತಿದ್ದೀಯೆಂದು ನನಗೆ ಗೊತ್ತಿತ್ತು. ನಾನು ಜೇಬಿನಿಂದ ಫೋನು ತೆಗೆದು, "ನಿಮ್ಮವರು ಹೊರಟಾಯಿತು, ನೀನೂ ಅವರ ಬಸ್ಸಿನಲ್ಲೇ ಹತ್ತಿಬಿಡು, ಟಿಕೆಟ್ ದುಡ್ಡು ಉಳಿಯುತ್ತದೆ" ಎಂದು ನಿನಗೆ ಬರೆದು ಕಳಿಸಿದೆ.

ಆ ರಾತ್ರಿಯೂ ನೀನು ನಮ್ಮ ಮನೆಯಲ್ಲೇ ಉಳಿಯುವುದೆಂದು ನಿಶ್ಚಯವಾಗಿತ್ತು. ನೀನು ಹತ್ತಿದೆ, ಅವರ ಬಸ್ಸನ್ನಲ್ಲ, ಕೊಚ್ಚಿಗೆ ಹೋಗುವ ರಾತ್ರಿ ಬಸ್ಸನ್ನು. ನನಗೆ ಬಂದದ್ದು ಒಂದು ಹೆಬ್ಬೆರಳಿನ ಚಿತ್ರ ಮಾತ್ರ. ನಿನ್ನ ಆಫೀಸಿನಿಂದ ತುರ್ತು ಕರೆ ಬಂತೆಂದು ಅಮ್ಮನಿಗೆ ಸುಳ್ಳು ಹೇಳಿದೆ, ಅವಳು ನಿನಗೆಂದು ತೆಗೆದಿಟ್ಟಿದ್ದನ್ನು ನಾನೇ ತಿಂದೆ, ಛೆಟ್ರಿಯ ಗೋಲನ್ನು ಹನ್ನೆರಡು ಸಲ ತಿರುಗಿಸಿ ನೋಡಿದೆ. ಆಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಓಣಂ ಮತ್ತು ಯುಗಾದಿಯ ಶುಭಾಶಯಗಳು. ಮುಂದಿನ ಋತುವಿನ ಮೊದಲ ಪಂದ್ಯದಲ್ಲಿ, 2023ರ ಸೆಪ್ಟೆಂಬರ್ 21ರಂದು, ನೀವು ನಮ್ಮನ್ನು ಕೊಚ್ಚಿಯಲ್ಲಿ 2–1ರಿಂದ ಸೋಲಿಸಿದಾಗ ನಿನಗೆ ಅಭಿನಂದನೆ ಬರೆದು, ಅದು ವ್ಯಂಗ್ಯವಾಗಿ ಕಂಡೀತೆಂದು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದೆ.

ಈಗ ಆ ಬಿಲ್ಲಿನ ಹಿಂಬದಿಗೆ ಬರುತ್ತೇನೆ. ಫೆಬ್ರುವರಿಯ ಆ ಪಂದ್ಯದಲ್ಲಿ ನಿಮ್ಮ ಏಡ್ರಿಯನ್ ಲೂನಾ ಆಗಲಿ, ಮತ್ತೊಬ್ಬರಾಗಲಿ ಒಂದು ಗೋಲು ಹೊಡೆದು ಸಮ ಮಾಡಿದ್ದರೆ ಮಾರ್ಚಿನ ಪಂದ್ಯಕ್ಕೆ ಬಸ್ಸು ಹತ್ತಬೇಕಾದವನು ನಾನು. ಕಲೂರಿನ ಆ ಹಳದಿ ಕಡಲಿನಲ್ಲಿ ನನ್ನ ನೀಲಿ ಅಂಗಿಯನ್ನು ಜಾಕೆಟ್ಟಿನೊಳಗೆ ಮುಚ್ಚಿಟ್ಟುಕೊಂಡು ಕೂರಬೇಕಾದವನು ನಾನು. ನಿಮ್ಮವರು ಅಲ್ಲಿ ಮೈದಾನ ಬಿಟ್ಟು ಹೋಗುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ, ಸ್ವಂತ ಮನೆಯಿಂದ ಯಾರೂ ಮುನಿಸಿಕೊಂಡು ಎದ್ದು ಹೋಗುವುದಿಲ್ಲ. ಗೆದ್ದಿದ್ದರೆ ನೀನು ನನ್ನನ್ನು ರಾತ್ರಿಯಿಡೀ ಗೇಲಿ ಮಾಡುತ್ತಿದ್ದೆ, ಸೋತಿದ್ದರೂ ಮಾಡುತ್ತಿದ್ದೆ. ನೀನು ಆ ಊರಿಗೆ ಹೋಗಿ ಅಷ್ಟು ದಿನಗಳಾಗಿದ್ದರೂ ನಾನು ಒಮ್ಮೆಯೂ ನಿನ್ನ ಮನೆಗೆ ಬಂದವನಲ್ಲ. ಪ್ರತಿ ಸಲ ಬಂದವನು ನೀನು, ಮತ್ತು ಪ್ರತಿ ಸಲ ಪಂದ್ಯವೇ ನೆಪ. ಲೀಗಿನ ವೇಳಾಪಟ್ಟಿ ವರ್ಷಕ್ಕೆರಡು ಸಲ ನಮ್ಮನ್ನು ಎದುರುಬದುರು ಕೂರಿಸುತ್ತಿತ್ತು, ಆ ಎರಡರಲ್ಲಿ ನಿನ್ನ ಊರಿನ ಸರದಿ ಬಂದಾಗಲೆಲ್ಲ ನನಗೆ ಕೆಲಸವಿರುತ್ತಿತ್ತು. ನಾಕೌಟ್ ಆಗಿದ್ದರೆ ಮಾತ್ರ ಬರುತ್ತಿದ್ದೆ. ಲೀಗ್ ಪಂದ್ಯ ತಾನೇ ಎಂದು ಬಿಟ್ಟುಬಿಡುತ್ತಿದ್ದವನು ನಾನೇ.

ಹಾಗಾಗಿ ಹೇಳುತ್ತೇನೆ, ಆ ಡ್ರಾ ಈಗಲೂ ಸಿಗುವುದಾದರೆ ನಾನು ಒಪ್ಪಿಕೊಳ್ಳುತ್ತೇನೆ. ರಾಯ್ ಕೃಷ್ಣರ ಗೋಲು ಹಾಗೇ ಇರಲಿ, ನಿಮ್ಮದೊಂದು ಸೇರಲಿ, ಮೂರರಲ್ಲಿ ಎರಡು ಅಂಕವನ್ನು ಹಿಂದಕ್ಕೆ ಕೊಡುತ್ತೇನೆ. ಕಂಠೀರವದ ಆ ರಾತ್ರಿಯೂ ಬೇಡ, ನಾನು ಊರೆಲ್ಲ ಹೇಳಿಕೊಂಡು ತಿರುಗುವ ಕಥೆಯೂ ಬೇಡ.

ಓದುತ್ತಿರುವ ನೀಲಿಯವರಿಗೆ: ಮೇಲಿನ ಎರಡು ಪ್ಯಾರಾಗಳನ್ನು ಬರೆದದ್ದು ನಾನಲ್ಲ, ನಮ್ಮ ಮನೆಯ ಬೆಕ್ಕು ಕೀಲಿಮಣೆಯ ಮೇಲೆ ನಡೆದಾಡಿದೆ. ಕಂಠೀರವದಲ್ಲಿ ನಮ್ಮವರೆಲ್ಲ ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನನ್ನನ್ನು ನಿಲ್ಲಲು ಬಿಡದಿದ್ದರೆ ಬೆಕ್ಕಿನ ಕಿವಿ ಹಿಂಡಬೇಕಾಗುತ್ತದೆ. ಅಲ್ಲದೆ ಎರಡು ಅಂಕ ಉಳಿಸಿಕೊಂಡು ನಾವು ಗಳಿಸಿದ್ದಾದರೂ ಏನೆಂದು ಯೋಚಿಸಿ. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9–8ರಿಂದ ದಾಟಿ, ಮಾರ್ಚ್ 18ರಂದು ಫೈನಲ್‌ಗೆಂದು ಗೋವಾದ ಫತೋರ್ಡಾಕ್ಕೆ ಹೋಗಿ, ಮೋಹನ್ ಬಾಗಾನ್ ಎದುರು 2–2 ಆಡಿ, ಮತ್ತೆ ಪೆನಾಲ್ಟಿಯಲ್ಲಿ 4–3ರಿಂದ ಸೋತು, ನಾನು ಗಂಟಲು ಕಟ್ಟಿಸಿಕೊಂಡು, ಒಂದು ಚಪ್ಪಲಿ ಕಳೆದುಕೊಂಡು ಬಂದೆ. ಅದಕ್ಕಿಂತ ಒಂದು ವರ್ಷ ಮೊದಲಿನ ಫೈನಲ್‌ನಲ್ಲಿ ಅದೇ ಫತೋರ್ಡಾದಲ್ಲಿ, ಅದೇ ಪೆನಾಲ್ಟಿಯಲ್ಲಿ, ಹೈದರಾಬಾದಿನೆದುರು ಸೋತು ನೀನು ಬಂದಿದ್ದೆ, ನಿನ್ನ ಎರಡೂ ಚಪ್ಪಲಿ ಇದ್ದವು. ಆ ವಿಷಯದಲ್ಲಿ ನಿಮ್ಮ ತಂಡವೇ ಮೇಲೆಂದು ಒಪ್ಪಿಕೊಳ್ಳುತ್ತೇನೆ.

ಅಮ್ಮ ನಿನ್ನನ್ನು ಕೇಳುತ್ತಿರುತ್ತಾಳೆ. ಆಫೀಸಿನವರು ಅವನನ್ನು ಇನ್ನೂ ಬಿಟ್ಟಿಲ್ಲವೇ ಎನ್ನುತ್ತಾಳೆ. ಮುಂದಿನ ವೇಳಾಪಟ್ಟಿಯಲ್ಲಿ ಕೊಚ್ಚಿಯ ಪಂದ್ಯ ಯಾವ ವಾರ ಬಿದ್ದರೂ, ಅದಕ್ಕೆ ಕವಡೆ ಕಾಸಿನ ಬೆಲೆ ಇಲ್ಲದಿದ್ದರೂ, ನಾನು ಬರುತ್ತೇನೆ, ಹಾಸಿಗೆಯಿಲ್ಲದಿದ್ದರೆ ಚಾಪೆ ಸಾಕು. ಬೋಂಡಾದ ಬಾಕಿಯನ್ನು ಅಲ್ಲೇ ತೀರಿಸೋಣ. ಮಳೆಯಿದ್ದರೆ ನಿಲ್ದಾಣಕ್ಕೆ ಬರುವಾಗ ಛತ್ರಿ ತಾ.

ಇತಿ ನಿನ್ನ,
ನೀಲಿ ಪಾಪಿ

ವಿ.ಸೂ.: ಕಳಿಸುವ ಮುನ್ನ ಅಣ್ಣನ ಮಗನಿಗೆ ಓದಲು ಕೊಟ್ಟೆ. ಲೆಕ್ಕ ಸರಿಯಿದೆ ಎಂದ. ಮೂರರಲ್ಲಿ ಎರಡು ಕೊಟ್ಟರೆ ಉಳಿದ ಒಂದನ್ನೂ ಕೊಡುತ್ತೀಯಾ ಎಂದು ಕೇಳಿದ. ಅದನ್ನು ಮಾತ್ರ ಕೊಡುವುದಿಲ್ಲ ಎಂದೆ.