ಗಟ್ಟಿ ನಾಯಕ ಬೇಕು ಅಂದೆಯಲ್ಲ

ಪ್ರಿಯ ಗೆಳೆಯಾ,

ಮೊನ್ನೆ ಮಾತು ಮುಗಿಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ಇಷ್ಟು ಹೊತ್ತಿಗೆ ಸಿಟ್ಟು ಇಳಿದಿರಬೇಕು ಅಂದುಕೊಂಡು ಬರೆಯುತ್ತಿದ್ದೇನೆ. "ಇಷ್ಟು ಜನ ಕೂತು ಕಚ್ಚಾಡಿ ಏನೂ ಆಗಲ್ಲ, ಒಬ್ಬ ಗಟ್ಟಿ ಮನುಷ್ಯ ಬರಲಿ, ಎಲ್ಲ ಸರಿಹೋಗುತ್ತೆ" ಅಂದೆ. ನಾನು ಒಪ್ಪಲಿಲ್ಲ. ಯಾಕೆ ಅಂತ ಆವತ್ತು ನೆಟ್ಟಗೆ ಹೇಳಲು ಬರಲಿಲ್ಲ.

ನಿನ್ನ ಮಾತಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಸಂಸತ್ತುಗಳು ನಿಧಾನ. ಪಕ್ಷಗಳಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂದರೆ ಎಲ್ಲರೂ ಆಕಾಶ ನೋಡುತ್ತಾರೆ. ಜನಕ್ಕೆ ರೋಸಿಹೋಗುವುದು ಸಹಜ. ನಾನೂ ಒಮ್ಮೆ ಒಬ್ಬರ ಮಾತಿನ ಗತ್ತಿಗೆ ಮರುಳಾಗಿ ಮತ ಹಾಕಿದವನೇ. ಅದು ಹೋಗಲಿ ಬಿಡು.

2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದಲ್ಲಿ ಏನಾಯಿತು ನೆನಪಿದೆಯಾ? ಅಧ್ಯಕ್ಷ ಯೂನ್ ಸುಕ್ ಯೋಲ್ ಹತ್ತೂವರೆ ಹೊತ್ತಿಗೆ ಟಿವಿಯಲ್ಲಿ ಬಂದು ಸೇನಾಡಳಿತ ಹೇರಿಬಿಟ್ಟರು. ಸಂಸತ್ತು ನಡೆಯಬಾರದು, ಪತ್ರಿಕೆಗಳು ಸೇನೆ ಹೇಳಿದಂತೆ ಕೇಳಬೇಕು ಅಂತ ಆದೇಶ. ಆದರೆ ಅಲ್ಲಿನ ಸಂವಿಧಾನದಲ್ಲಿ ಒಂದು ಸಾಲಿದೆ. ಸಂಸತ್ತಿನ ಅರ್ಧಕ್ಕಿಂತ ಜಾಸ್ತಿ ಸದಸ್ಯರು ಬೇಡ ಅಂದರೆ ಅಧ್ಯಕ್ಷ ಸೇನಾಡಳಿತವನ್ನು ತೆಗೆಯಲೇಬೇಕು. ಹಾಗಾಗಿ ಆ ರಾತ್ರಿಯ ಆಟವೆಲ್ಲ ಇಷ್ಟೇ: ಒಳಗೆ ಸೇರಬೇಕು, ಮತ ಹಾಕಬೇಕು.

ಗೇಟಿನಲ್ಲಿ ಪೊಲೀಸರಿದ್ದರು. ಸ್ಪೀಕರ್ ಊ ವೊನ್ ಶಿಕ್ ಕಾಂಪೌಂಡ್ ಹತ್ತಿ ಒಳಗೆ ಇಳಿದರು. ವಯಸ್ಸು 67! ಸಿಬ್ಬಂದಿ ಕುರ್ಚಿ ಮೇಜು ಪೇರಿಸಿ ಬಾಗಿಲಿಗೆ ಅಡ್ಡ ಹಾಕಿದರು. ಬೆಂಕಿ ಆರಿಸುವ ಸಿಲಿಂಡರ್ ತೆಗೆದು ಸೈನಿಕರ ಮೇಲೆ ಪುಡಿ ಎರಚಿದರು. ಸೈನಿಕರು ಕಿಟಕಿ ಗಾಜು ಒಡೆದು ನುಗ್ಗಿದ್ದರು. ಸಭೆಯೊಳಗೆ ಸದಸ್ಯರೆಲ್ಲ ಬೇಗ ಮತಕ್ಕೆ ಹಾಕಿ ಅಂತ ಸ್ಪೀಕರ್ ಮೇಲೆ ಮುಗಿಬಿದ್ದರು. ಆ ಮನುಷ್ಯ ಏನು ಮಾಡಿದರು ಗೊತ್ತಾ? ನಿರ್ಣಯ ಇನ್ನೂ ಕ್ರಮವಾಗಿ ಮಂಡನೆಯಾಗಿಲ್ಲ, ಕಾಯಿರಿ ಅಂದರು. ಒಂದು ತಪ್ಪಾದರೂ ನಾಳೆ ಅದನ್ನೇ ಹಿಡಿದುಕೊಂಡು ಈ ಮತ ನಡೆಯಲ್ಲ ಅನ್ನುತ್ತಾರೆ, ಅಲ್ವಾ? ರಾತ್ರಿ ಒಂದು ಗಂಟೆಗೆ ಮತ ಬಿತ್ತು. ಹಾಜರಿದ್ದವರು 190, ಬೇಡ ಅಂದವರೂ 190. ಅದರಲ್ಲಿ 18 ಜನ ಅಧ್ಯಕ್ಷರ ಪಕ್ಷದವರೇ. ಬೆಳಕು ಹರಿಯುವ ಮೊದಲೇ ಸೇನಾಡಳಿತ ವಾಪಸ್.

ಮುಂದಿನ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಾಧೀಶರು ಯೂನ್ ಅವರನ್ನು ಕುರ್ಚಿಯಿಂದ ಇಳಿಸಿದರು. ಅಂದು ಸಂಸತ್ತು ಬೇಗ ಮತ ಹಾಕಲು ಆಗಿದ್ದು ಯಾಕೆ ಅಂತಲೂ ಹೇಳಿದರು. ಜನ ಅಡ್ಡ ನಿಂತರು, ಜೊತೆಗೆ ಸೈನಿಕರೂ ಪೊಲೀಸರೂ ಒಲ್ಲದ ಮನಸ್ಸಿನಿಂದ ಕೆಲಸ ಮಾಡಿದರು. ನನಗೆ ತುಂಬಾ ಹಿಡಿಸಿದ್ದು ಇದೇ. ಬಂದೂಕು ಹಿಡಿದವನೂ ಸುಮ್ನೆ ಕೈ ನಿಧಾನ ಮಾಡಿದ್ದ.

ಆದರೆ ಇದು ಸುಲಭದ ಲೆಕ್ಕ. ಸೈನಿಕರ ಹೆಲಿಕಾಪ್ಟರ್ ಬಂದು ಇಳಿದರೆ ಎಲ್ಲರಿಗೂ ಎಚ್ಚರವಾಗುತ್ತೆ. ಹಂಗೆರಿಯಲ್ಲಿ ಗಾಜು ಒಡೆಯಲೇ ಇಲ್ಲ. 2010ರ ಚುನಾವಣೆಯಲ್ಲಿ, ಅದನ್ನು ಗೆದ್ದು ಪ್ರಧಾನಿಯಾದ ವಿಕ್ಟರ್ ಓರ್ಬಾನ್ ಅವರ ಕೂಟಕ್ಕೆ ಸುಮಾರು ಶೇ 53ರಷ್ಟು ಮತ ಬಿದ್ದು, ಮೂರನೇ ಎರಡರಷ್ಟು ಸೀಟು ಸಿಕ್ಕಿತು. ಅಷ್ಟಿದ್ದರೆ ಅಲ್ಲಿ ಸಂವಿಧಾನವನ್ನೇ ಬದಲಿಸಬಹುದು, ಬದಲಿಸಿದರು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದರು. ನೋಡಲು ಏನೋ ಆಫೀಸಿನ ಸುತ್ತೋಲೆ ಇದ್ದಂತಿದೆ. ಹಿರಿಯ ನ್ಯಾಯಾಧೀಶರು ಸಾಲಾಗಿ ಮನೆಗೆ ಹೋದರು. ಅದು ತಪ್ಪು ಅಂತ 2012ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ಆ ಹೊತ್ತಿಗೆ ದೊಡ್ಡ ಕುರ್ಚಿಗಳಲ್ಲಿ ಬೇರೆಯವರು ಕೂತಾಗಿತ್ತು. ಇಂಥದ್ದಕ್ಕೆ ಯಾರು ಬೀದಿಗಿಳಿಯುತ್ತಾರೆ ಹೇಳು? ನಿವೃತ್ತಿ ವಯಸ್ಸಿನ ಸುದ್ದಿಯನ್ನು ನೀನಾದರೂ ಓದುತ್ತೀಯಾ?

ನಮ್ಮ ದೇಶದ್ದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದೂರದ ಕಥೆ ಅನ್ನುತ್ತೀಯ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಸಚಿವ ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ! ಮುಂದೆ 1978ರಲ್ಲಿ 44ನೇ ತಿದ್ದುಪಡಿ ಮಾಡುವಾಗ ಆ ರಾತ್ರಿಗೆ ಉತ್ತರವಾಗಿ ಒಂದು ಮಾತು ಸೇರಿಸಿದರು. ಸಂಪುಟದ ತೀರ್ಮಾನ ಬರಹದಲ್ಲಿ ತಲುಪದೆ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಒಂದು ಕಾಗದ, ಅಷ್ಟೇ. ಆದರೆ ಆ ಕಾಗದ ಆಗಬೇಕಾದರೆ ಸಚಿವರನ್ನು ನಿದ್ದೆಯಿಂದ ಎಬ್ಬಿಸಬೇಕು, ಕೂರಿಸಬೇಕು, ಕೇಳಬೇಕು. ಅವರಲ್ಲಿ ಒಬ್ಬನಾದರೂ "ಯಾಕೆ?" ಅಂದಾನು.

ನಿನ್ನ ಗಟ್ಟಿ ಮನುಷ್ಯನಿಗೆ ಮೊದಲು ಕಿರಿಕಿರಿ ಆಗುವುದೇ ಈ "ಯಾಕೆ". ಸ್ಪೀಕರ್, ಕೋರ್ಟು, ಲೆಕ್ಕ ಕೇಳುವವರು, ಎಲ್ಲರೂ ಅವನ ಕಣ್ಣಿಗೆ ಅಡ್ಡಗಾಲು. ಅವನು ಒಳ್ಳೆಯವನೇ ಇರಬಹುದು ಅಂತಲೇ ಇಟ್ಟುಕೋ. ಅವನಿಗಾಗಿ ತೆಗೆದ ಅಡ್ಡಗಾಲು ಅವನ ನಂತರ ಬರುವವನಿಗೂ ಇರುವುದಿಲ್ಲ. ಆ ಬರುವವನು ಯಾರು, ನಿನಗೆ ಗೊತ್ತಾ?

ಇದಕ್ಕೆ ಉತ್ತರ ಕಳಿಸು. ಬರೆದೇ ಕಳಿಸು ಮಾರಾಯ, ಫೋನ್ ಬೇಡ. ಕಾಗದವಾದರೆ ಮಧ್ಯದಲ್ಲಿ ಇಟ್ಟುಬಿಡಲು ಬರಲ್ಲ.

ನಿನ್ನ,
ಜಗಳಗಂಟ ಗೆಳೆಯ